ರೊಕ್ಕ ಬರುವ ತಾರೀಖು

ಕುಷ್ಟಗಿ ಸೀಮೆಯ ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಉದ್ದನೆಯ ಪುಸ್ತಕ ಇರುತ್ತದೆ. ಉದ್ರಿ ಪುಸ್ತಕ. ಎಣ್ಣೆ, ಚಹಾಪುಡಿ, ಸಾಬೂನು, ಬೀಡಿ ಎಲ್ಲ ಅದರಲ್ಲಿ ಬರೆದಿರುತ್ತದೆ, ಮನೆಗೊಂದು ಪುಟದಂತೆ. ಬಡತನ ಅಳೆಯಲು ಅರ್ಥಶಾಸ್ತ್ರಜ್ಞರು ನೂರೆಂಟು ಸೂಚ್ಯಂಕ ಮಾಡಿಟ್ಟಿದ್ದಾರೆ. ನಾನಾದರೆ ಮೊದಲು ಈ ಪುಸ್ತಕ ಕೇಳಿ ನೋಡುತ್ತೇನೆ, ಅದರಲ್ಲೂ ತಾರೀಖಿನ ಸಾಲನ್ನು. ಸಾಮಾನು ಒಯ್ದದ್ದು ಎಂದು, ರೊಕ್ಕ ಮುಟ್ಟಿದ್ದು ಎಂದು? ಇವೆರಡರ ನಡುವಿನ ದಿನಗಳಲ್ಲೇ ಬಡವರ ಮನೆಯ ಕಷ್ಟವೆಲ್ಲ ಕೂತಿರುತ್ತದೆ.

ಈಗ ಆ ದಿನಗಳ ನಡುವೆ ಸರ್ಕಾರದ ರೊಕ್ಕವೂ ಬಂದು ಬೀಳುತ್ತಿದೆ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ. 2023ರ ಆಗಸ್ಟ್ 30ರಂದು ಚಾಲನೆ ಪಡೆದ ಗೃಹಲಕ್ಷ್ಮಿಯಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು 2023ರ ಜುಲೈನಿಂದ ಒಂದೂವರೆ ವರ್ಷ ತಲೆಗೆ 170 ರೂಪಾಯಿ ಬಂತು, 2025ರಲ್ಲಿ ಅದು ಮತ್ತೆ ಅಕ್ಕಿಯೇ ಆಯಿತು. (ಜೋಳದ ರೊಟ್ಟಿ ಉಣ್ಣುವ ನಾಡಿಗೆ ಅಕ್ಕಿ ಒಳ್ಳೆಯದೋ 170 ರೂಪಾಯಿ ಒಳ್ಳೆಯದೋ ಎಂಬುದು ಬೇರೆಯೇ ಜಗಳ, ಇಲ್ಲಿ ಬೇಡ.) ಈ ರೊಕ್ಕ ಒಂದು ಮನೆಯೊಳಗೆ ಹೋಗಿ ಏನು ಮಾಡುತ್ತದೆ?

ಲೆಕ್ಕಕ್ಕೆಂದು ಒಂದು ಮನೆ ಕಲ್ಪಿಸಿಕೊಳ್ಳೋಣ. ಮೂರು ಎಕರೆ ಮಸಾರಿ ಹೊಲ, ಮಳೆ ನಂಬಿದ ಸಜ್ಜೆ, ತೊಗರಿ. ಅತ್ತೆ, ಗಂಡ, ಹೆಂಡತಿ, ಎರಡು ಮಕ್ಕಳು. ಮುಂಗಾರಿಗೆ ಬೀಜ-ಗೊಬ್ಬರಕ್ಕೆಂದು ತಂದ ಸಾಲ 10,000 ರೂಪಾಯಿ, ಬಡ್ಡಿ ನೂರಕ್ಕೆ ಐದು. ಬ್ಯಾಂಕಿನ ಭಾಷೆ ಬಲ್ಲವರು ಇದನ್ನು ವರ್ಷದ ಬಡ್ಡಿ ಎಂದುಕೊಂಡು ಸಮಾಧಾನ ಪಟ್ಟಾರು. ಊರಲ್ಲಿ ನೂರಕ್ಕೆ ಐದು ಅಂದರೆ ತಿಂಗಳಿಗೆ ಐದು, ಅಂದರೆ ವರ್ಷಕ್ಕೆ ಶೇ 60.

ತಿಂಗಳಾ ತಿಂಗಳಾ 2,000 ತಪ್ಪದೆ ಬಂತು, ಅಷ್ಟನ್ನೂ ಸಾಲಕ್ಕೇ ಕಟ್ಟಿದರು ಅನ್ನಿ. ಮೊದಲ ತಿಂಗಳು 500 ಬಡ್ಡಿಗೆ ಹೋಗಿ 1,500 ಅಸಲಿಗೆ ಸೇರುತ್ತದೆ, ಉಳಿದದ್ದು 8,500. ಮರುತಿಂಗಳು ಬಡ್ಡಿ 425ಕ್ಕೆ ಇಳಿಯುತ್ತದೆ. ಹೀಗೇ ಕರಗುತ್ತ ಆರನೆಯ ತಿಂಗಳಿಗೆ ಸಾಲ ಚುಕ್ತಾ. ಕಟ್ಟಿದ ಬಡ್ಡಿ ಒಟ್ಟು ಸುಮಾರು 1,800, ಕೊನೆಯ ಕಂತಿನಲ್ಲಿ ಇನ್ನೂರು ಕೈಯಲ್ಲಿ ಉಳಿಯುತ್ತದೆ. ಈಗ ಅದೇ 12,000 ರೂಪಾಯಿ ಐದು ತಿಂಗಳು ಬಾರದೆ, ಆರನೆಯ ತಿಂಗಳಲ್ಲಿ ಬಾಕಿಯೆಲ್ಲ ಕೂಡಿ ಒಮ್ಮೆಗೇ ಬಂತು ಎಂದುಕೊಳ್ಳಿ. ಅಷ್ಟರಲ್ಲಿ ಬಡ್ಡಿಯೇ 3,000 ಆಗಿದೆ, ಚಕ್ರಬಡ್ಡಿ ಹಾಕದಿದ್ದರೂ. ಬಂದದ್ದನ್ನೆಲ್ಲ ಕೊಟ್ಟರೂ 1,000 ಸಾಲ ಹಾಗೇ ನಿಂತಿತು. ಸರ್ಕಾರದ ಕಡತದಲ್ಲಿ ಎರಡೂ ಮನೆಗೆ ಸಂದದ್ದು 12,000ವೇ.

ಬಂದದ್ದನ್ನೆಲ್ಲ ಸಾಲಕ್ಕೆ ಸುರಿಯುವ ಮನೆ ಎಲ್ಲೂ ಇರಲಾರದು, ನಿಜ. ಆದರೆ ಉದ್ರಿ, ಕೈಗಡ, ಸಂಘದ ಕಂತು, ಅಡವಿಟ್ಟ ಬೆಂಡೋಲೆ, ಎಲ್ಲಕ್ಕೂ ಇದೇ ಗಣಿತ. ಅದರಲ್ಲೂ ಫೈನಾನ್ಸಿನವರ ವಾರದ ಕಂತಿಗೆ ವಾರ ತಪ್ಪುವಂತಿಲ್ಲ. ಆ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕೊಡುವ ದಿನ ಗಟ್ಟಿ, ಬರುವ ದಿನ ಪೊಳ್ಳು ಎಂದಾದರೆ ನಡುವಿನ ಕಂದಕ ತುಂಬಲು ಇನ್ನೊಂದು ಸಾಲವೇ ಗತಿ.

ಹಾಗಾದರೆ ತಿಂಗಳ ಕಂತೇ ಮೇಲು ಎನ್ನಬಹುದೇ? ಕೀನ್ಯಾದಿಂದ ಬಂದ ಉತ್ತರ ಅಷ್ಟು ಸರಳವಾಗಿಲ್ಲ. ಅಲ್ಲಿನ ಪಶ್ಚಿಮ ಭಾಗದ ಹಳ್ಳಿಗಳಲ್ಲಿ 2011ರಿಂದ 2013ರವರೆಗೆ ಯೋಹಾನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪೀರೊ ಎಂಬ ಸಂಶೋಧಕರು ಒಂದು ಪರೀಕ್ಷೆ ನಡೆಸಿದರು. ಹುಲ್ಲಿನ ಸೂರಿನ ಮನೆಗಳನ್ನು ಗುರುತಿಸಿ, ರೊಕ್ಕ ಯಾರಿಗೆ ಕೊಡಬೇಕು, ಗಂಡನಿಗೋ ಹೆಂಡತಿಗೋ, ಕಂತಿನಲ್ಲೋ ಇಡಿಗಂಟಾಗಿಯೋ ಎಂಬುದನ್ನೆಲ್ಲ ಚೀಟಿ ಎತ್ತಿದಂತೆ ತೀರ್ಮಾನಿಸಿದರು. ಕಂತಿನ ಮನೆಗಳಲ್ಲಿ ಊಟ ಸುಧಾರಿಸಿತು. ಇಡಿಗಂಟಿನ ಮನೆಗಳಲ್ಲಿ ಬಾಳಿಕೆಯ ವಸ್ತುಗಳು ಬಂದವು, ಹುಲ್ಲು ಹೋಗಿ ತಗಡು ಏರಿತು. ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನೂ ಅಳೆದರು. ಜನ ತಾವು ಮೊದಲಿಗಿಂತ ನೆಮ್ಮದಿಯಾಗಿದ್ದೇವೆ ಎಂದರೂ ಹಾರ್ಮೋನು ಒಟ್ಟಾರೆ ಇಳಿದಿರಲಿಲ್ಲ. ಹೀಗೆ ಎರಡು ಅಳತೆ ಎರಡು ಮಾತಾಡಿದ್ದನ್ನು ಮುಚ್ಚಿಡದೆ ಬರೆದಿದ್ದಾರೆ, ಅದು ನನಗೆ ಮೆಚ್ಚುಗೆಯಾಯಿತು.

ನಮ್ಮ ಹೆಣ್ಣುಮಕ್ಕಳು ಈ ಕಂತು-ಇಡಿಗಂಟಿನ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ. ಚೀಟಿ ಹಾಕುತ್ತಾರೆ. ಹತ್ತು ಮಂದಿ ತಿಂಗಳಿಗೆ ಸಾವಿರದಂತೆ ಹಾಕಿದರೆ ಪ್ರತಿ ತಿಂಗಳೂ ಒಬ್ಬಳ ಕೈಗೆ ಹತ್ತು ಸಾವಿರ: ಒಂದು ಆಡು, ಹೊಲಿಗೆ ಯಂತ್ರ, ಇಲ್ಲವೇ ಮಗಳ ಕಾಲೇಜಿನ ಫೀ. ಆದರೆ ಚೀಟಿ ನಡೆಯಬೇಕಾದರೂ ಹತ್ತೂ ಜನರಿಗೆ ಅದೇ ತಾರೀಖಿಗೆ ರೊಕ್ಕ ಬಂದಿರಬೇಕು.

ರೊಕ್ಕ ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎಂಬ ಮಾತು ಕಟ್ಟೆಯ ಮೇಲೂ ಟಿವಿಯಲ್ಲೂ ಕೇಳಿಸುತ್ತದೆ. ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಎಂಬ ಸಂಶೋಧಕರು ನಗದು ನೆರವಿನ ಬಗ್ಗೆ ಹಲವು ದೇಶಗಳಲ್ಲಿ ನಡೆದ 19 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ, ಕೆಲವು ಕಡೆ ಇಳಿದಿತ್ತು.

ಇನ್ನೊಂದು ದೂರು ಹೆಚ್ಚು ಕುತೂಹಲದ್ದು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳ ಮಾಲೀಕರನ್ನು ಮಾತಾಡಿಸಿ: "ಕೂಲಿಗೆ ಯಾರೂ ಬರವಲ್ರು ನೋಡ್ರಿ, ಎಲ್ಲಾರಿಗೂ ಗೃಹಲಕ್ಷ್ಮಿ ಬರ್ತೈತಿ." ತಿಂಗಳಿಗೆ 2,000 ಅಂದರೆ ದಿನಕ್ಕೆ 67 ರೂಪಾಯಿಯೂ ಆಗದು. ಅಷ್ಟಕ್ಕೆ ಕೂಲಿ ಬಿಟ್ಟು ಕೂಡುವವರು ಯಾರು? ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳಲ್ಲಿ ನಡೆದ ನಗದು ನೆರವಿನ ಏಳು ಪ್ರಯೋಗಗಳ ಅಂಕಿಗಳನ್ನು ಮತ್ತೆ ಕೆದಕಿ ನೋಡಿದಾಗಲೂ ಜನ ದುಡಿಮೆ ಬಿಟ್ಟದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಮಾಲೀಕರ ದೂರಿನಲ್ಲಿ ಒಂದು ಎಳೆ ಸತ್ಯ ಇದ್ದರೂ ಇರಬಹುದು. ಮನೆಯಲ್ಲಿ ಹಿಟ್ಟು ಇದ್ದವಳು ಕಡಿಮೆ ಕೂಲಿಗೆ "ಒಲ್ಲೆ" ಅನ್ನಬಲ್ಲಳು. ಗುಳೆ ಕರೆದೊಯ್ಯುವ ಮೇಸ್ತ್ರಿಯ ಮುಂಗಡಕ್ಕೆ ಈ ವರ್ಷ ಕೈ ಚಾಚದೆ ಇರಬಲ್ಲಳು. ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಇದು ಸೋಮಾರಿತನದಂತೆ ಕಾಣುತ್ತದೆ.

ಮತ್ತೆ, ದುಡಿಮೆ ಕಡಿಮೆಯಾದದ್ದೇ ಒಳ್ಳೆಯದಾದ ಒಂದು ಉದಾಹರಣೆಯೂ ಇದೆ. ಕೀನ್ಯಾದಲ್ಲೇ, ಸಿಯಾಯ ಕೌಂಟಿಯ 653 ಹಳ್ಳಿಗಳಲ್ಲಿ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ 10,500ಕ್ಕೂ ಹೆಚ್ಚು ಮನೆಗಳಿಗೆ ಸುಮಾರು ಸಾವಿರ ಡಾಲರ್ ಕೊಟ್ಟಿದ್ದರು. ಅದರ ಅಂಕಿಗಳ ಮೇಲೆ 2025ರಲ್ಲಿ ಹೊರಬಂದ ಪ್ರಬಂಧದ ಪ್ರಕಾರ, ರೊಕ್ಕ ಪಡೆದ ಮನೆಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವು ಶೇ 48ರಷ್ಟು ಇಳಿದಿತ್ತು. ಕಾರಣ ಹುಡುಕಿದಾಗ ಕಂಡದ್ದು ಎರಡು: ಆಸ್ಪತ್ರೆ ಹೆರಿಗೆ ಹೆಚ್ಚಾಗಿತ್ತು, ಮತ್ತು ಬಸುರಿಯರು ಕೊನೆಯ ತಿಂಗಳುಗಳಲ್ಲಿ ದುಡಿಯುವುದನ್ನು ಅರ್ಧದಷ್ಟು ತಗ್ಗಿಸಿದ್ದರು. ಎಂಟು ತಿಂಗಳ ಹೊಟ್ಟೆ ಹೊತ್ತು ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸುವವರನ್ನು ದೇವದುರ್ಗ, ಮಾನ್ವಿಯ ಹೊಲಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಸಾವು ಹೆಚ್ಚು ಇಳಿದದ್ದು ವೈದ್ಯರಿರುವ ಆಸ್ಪತ್ರೆಗೆ ಹತ್ತಿರದ ಮನೆಗಳಲ್ಲಿ. ರೊಕ್ಕ ವಾಹನದ ಬಾಡಿಗೆ ಕೊಟ್ಟೀತು, ದವಾಖಾನೆಯಲ್ಲಿ ಡಾಕ್ಟರನ್ನು ಕೂಡಿಸಲಾರದು. ಯಲಬುರ್ಗಾ, ಲಿಂಗಸುಗೂರಿನ ಒಳಹಳ್ಳಿಗಳಿಗೆ ಈ ವಾಕ್ಯವನ್ನು ಒತ್ತಿ ಓದಬೇಕು. ಹಾಗೆಯೇ ಉಗಾಂಡದಲ್ಲಿ ಯುವಜನರಿಗೆ ಕಸುಬು ಹೂಡಲು ಕೊಟ್ಟ ಹಣ ನಾಲ್ಕು ವರ್ಷಕ್ಕೆ ಗಳಿಕೆ ಏರಿಸಿತ್ತು, ಒಂಬತ್ತು ವರ್ಷಕ್ಕೆ ಹಣ ಸಿಗದವರೂ ಹೆಚ್ಚುಕಡಿಮೆ ಅಷ್ಟೇ ಗಳಿಸುತ್ತಿದ್ದರು. ನಗದು ನೆರವನ್ನು ಸರ್ವರೋಗಕ್ಕೂ ಮದ್ದೆಂದು ಮಾರುವವರು ಇಂಥವನ್ನು ಹೇಳುವುದಿಲ್ಲ.

ರೊಕ್ಕ ಯಾರ ಕೈಗೆ ಬೀಳುತ್ತದೆ ಎಂಬುದೂ ಉಂಟು. ದಕ್ಷಿಣ ಆಫ್ರಿಕದ ವೃದ್ಧಾಪ್ಯ ಪಿಂಚಣಿಯನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಪರಿಶೀಲಿಸಿದಾಗ, ಅಜ್ಜಿಗೆ ಪಿಂಚಣಿ ಬರುವ ಮನೆಯ ಹೆಣ್ಣುಮಕ್ಕಳ ಮೈಕಟ್ಟು ಸುಧಾರಿಸಿತ್ತು. ಅಜ್ಜನ ಪಿಂಚಣಿಯಿಂದ ಅಂಥ ಬದಲಾವಣೆ ಕಾಣಲಿಲ್ಲ. ನಮ್ಮ 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಣ್ಣುಮಗಳನ್ನೇ ಯಜಮಾನಿ ಮಾಡಿದ್ದರಿಂದ, ಕೂಡು ಕುಟುಂಬಗಳಲ್ಲಿ ಗೃಹಲಕ್ಷ್ಮಿ ಬರುವುದು ಸೊಸೆಗಲ್ಲ, ಅತ್ತೆಗೆ. ಅಡುಗೆಮನೆಯ ಹೊಸ ರಾಜಕೀಯ ಇಲ್ಲಿಂದಲೇ ಶುರು. ಸೊಸೆಗೇ ಕೊಡಬೇಕು ಎನ್ನುವವರಿದ್ದಾರೆ. ಮೊಮ್ಮಗಳಿಗೆ ಮೊಟ್ಟೆ, ಬಾಳೆಹಣ್ಣು ತಂದುಕೊಡುವ ಅಜ್ಜಿಯನ್ನು ಅಷ್ಟು ಬೇಗ ಬದಿಗೆ ಸರಿಸಲು ನನಗೆ ಮನಸ್ಸಾಗದು.

ಆ ಅಜ್ಜಿ ರೊಕ್ಕ ಬಿಡಿಸಲು ಬ್ಯಾಂಕ್ ಮಿತ್ರನ ಹತ್ತಿರ ಹೋದಾಗಿನ ಪಾಡು ಇನ್ನೊಂದು. ಐವತ್ತು ವರ್ಷ ಕಳೆ ಕಿತ್ತು, ಮುಸುರೆ ತಿಕ್ಕಿ ಹೆಬ್ಬೆರಳಿನ ಗೆರೆಯೇ ಸವೆದಿದೆ. ಯಂತ್ರ ಒಪ್ಪುವುದಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಒಪ್ಪಿದ ದಿನ ಖಾತೆಯಲ್ಲಿ ಕಂತು ಬಿದ್ದಿರುವುದಿಲ್ಲ. ಎರಡು ಮೂರು ತಿಂಗಳ ಬಾಕಿ ಒಟ್ಟಿಗೇ ಬರುತ್ತದಂತೆ, ಯಾವಾಗ ಅನ್ನುವುದು ಅವನಿಗೂ ಗೊತ್ತಿಲ್ಲ. ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ ಅರ್ಧ ಕಿಲೊ ಬೆಲ್ಲ, ಒಂದು ಪಾಕೀಟು ಎಣ್ಣೆ ಕೇಳುತ್ತಾಳೆ. ಅಂಗಡಿಯವನು ಅವಳ ಪುಟ ತೆಗೆದು ಮೊತ್ತ ಬರೆಯುತ್ತಾನೆ. ತಾರೀಖಿನ ಜಾಗದಲ್ಲಿ ಪೆನ್ನು ಹಿಡಿದು ಕೇಳುತ್ತಾನೆ, "ಯಾವಾಗ ಅಂತ ಬರೀಲಿ ಆಯಿ?"

"ಬಂದ ಮ್ಯಾಲೆ ಅಂತ ಬರ್ಕೊ."