ಡಬ್ಬದೊಳಗಿನ ಖಾಲಿ ಜಾಗ

ಕಳೆದ ವರ್ಷ ನನ್ನ ಲ್ಯಾಪ್‌ಟಾಪ್‌ಗೆ ಹೊಟ್ಟೆ ಬಂತು. ಮೊದಲು ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಂತೆ ಕಂಡಿತು, ವಾರ ಕಳೆಯುವಷ್ಟರಲ್ಲಿ ಮುಚ್ಚಳವೇ ಸರಿಯಾಗಿ ಕೂರದ ಹಾಗಾಯಿತು. ಎಸ್‌.ಪಿ. ರೋಡಿಗೆ, ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಗೆ, ತೆಗೆದುಕೊಂಡು ಹೋದೆ. ರಿಪೇರಿ ಹುಡುಗ ತಳ ಬಿಚ್ಚಿ, ತಟ್ಟೆ ಇಡ್ಲಿ ತರ ಉಬ್ಬಿದ್ದ ಬ್ಯಾಟರಿ ತೋರಿಸಿದ.

"ಯಾವಾಗ್ಲೂ ಚಾರ್ಜರ್ ಹಾಕ್ಕೊಂಡೇ ಕೂತಿರ್ತೀರಾ ಸಾರ್?"

ಹೌದು ಅಂದೆ.

"ಮನೇಲಿ, ಒಂದೇ ಟೇಬಲ್ ಮೇಲೆ?"

ಅದಕ್ಕೂ ಹೌದು.

"ಮತ್ತೆ ಲ್ಯಾಪ್‌ಟಾಪ್ ಯಾಕ್ ಸಾರ್?"

ಲಿಥಿಯಂ ಬ್ಯಾಟರಿಗೆ ಸದಾ ಹೊಟ್ಟೆ ತುಂಬಿಸಿಕೊಂಡು ಬಿಸಿಯಲ್ಲಿ ಕೂರುವುದು ಆಗಿಬರುವುದಿಲ್ಲ. ಒಳಗಿನ ದ್ರಾವಣ ನಿಧಾನವಾಗಿ ಕೆಟ್ಟು ಗ್ಯಾಸ್ ಆಗುತ್ತದೆ, ಅದೇ ಆ ಉಬ್ಬು. ಆದರೆ ನನ್ನ ಕಣ್ಣು ಹೋಗಿದ್ದು ಅವನ ಹಿಂದೆ ಬಾಯಿ ತೆರೆದುಕೊಂಡಿದ್ದ ಡೆಸ್ಕ್‌ಟಾಪ್ ಕ್ಯಾಬಿನೆಟ್ ಕಡೆಗೆ. ಒಳಗೆ ಅರ್ಧಕ್ಕರ್ಧ ಖಾಲಿ! (ನಾವು ಆ ಇಡೀ ಡಬ್ಬವನ್ನೇ ಸಿಪಿಯು ಅಂತೀವಿ. ನಿಜವಾದ ಸಿಪಿಯು ಒಳಗಿರುವ, ಲೆಕ್ಕವೆಲ್ಲ ಮಾಡುವ, ಬಿಸ್ಕತ್ತಿನಷ್ಟು ದೊಡ್ಡ ಚಿಪ್ ಮಾತ್ರ.) ಇಷ್ಟು ಜಾಗ ಸುಮ್ನೆ ದಂಡ ಅಂತ ಅನ್ನಿಸುತ್ತದೆ, ಅಲ್ವಾ? ಡೆಸ್ಕ್‌ಟಾಪ್ ಇನ್ನೂ ಬದುಕಿರುವುದೇ ಆದರೆ ಆ ಖಾಲಿ ಜಾಗದಿಂದ.

ಕಂಪ್ಯೂಟರ್ ನೀರೆತ್ತುವುದಿಲ್ಲ, ಹಿಟ್ಟು ರುಬ್ಬುವುದಿಲ್ಲ. ಅದು ಕುಡಿದ ಕರೆಂಟೆಲ್ಲ ಹೆಚ್ಚುಕಮ್ಮಿ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. ಹಳೆಯ 100 ವ್ಯಾಟ್ ಬಲ್ಬು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಅದರ ಬಿಸಿ ಗೊತ್ತು. ಜೋರಾಗಿ ದುಡಿಯುವ ಡೆಸ್ಕ್‌ಟಾಪ್ ಚಿಪ್ ಅಷ್ಟನ್ನೋ ಅದಕ್ಕಿಂತ ಜಾಸ್ತಿಯನ್ನೋ ಕುಡಿಯುತ್ತದೆ, ಅದೂ ಬೆರಳೆಣಿಕೆಯ ಚದರ ಸೆಂಟಿಮೀಟರ್ ಜಾಗದಲ್ಲಿ. ವೇಗ ಹೆಚ್ಚಿಸೋಣ ಅಂದರೆ ವೋಲ್ಟೇಜೂ ಏರಿಸಬೇಕು, ಬಿಸಿಯೋ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ಸಿಕ್ಕಾಪಟ್ಟೆ ಬಿಸಿ ಸಹಿಸಬೇಕು. ಇದನ್ನೇ ತಿರುಗಿಸಿ ನೋಡಿ: ಆ ಕೊನೆಯ ವೇಗ ಬೇಡ ಅಂದವನಿಗೆ ಕರೆಂಟು ತುಂಬಾ ಉಳಿಯುತ್ತದೆ. 15 ವ್ಯಾಟಿನ ತೆಳು ಲ್ಯಾಪ್‌ಟಾಪಿನಲ್ಲಿ ಮೇಲ್, ಎಕ್ಸೆಲ್ ಎಲ್ಲ ಆರಾಮಾಗಿ ನಡೆಯುವುದು ಅದಕ್ಕೇ.

ಗಂಟೆಗಟ್ಟಲೆ ದುಡಿಸಿದಾಗ ಬಣ್ಣ ಬಯಲಾಗುತ್ತದೆ. ನನ್ನ ಅಕ್ಕನ ಮಗ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಅವನ ಲ್ಯಾಪ್‌ಟಾಪ್ ಮೊದಲ ಕೆಲವು ನಿಮಿಷ ಕುದುರೆ. ಆಮೇಲೆ ಚಿಪ್ 100 ಡಿಗ್ರಿ ಹತ್ತಿರ ಹೋಗುತ್ತದೆ, ಸುಟ್ಟುಹೋಗಬಾರದಲ್ಲ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪುಟಾಣಿ ಫ್ಯಾನು ಮಿಕ್ಸಿ ತರ ಕಿರುಚುತ್ತದೆ, ವಿಡಿಯೋದಲ್ಲಿನ ಮುಹೂರ್ತ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಡೆಸ್ಕ್‌ಟಾಪಿನ 120 ಮಿಲಿಮೀಟರ್ ಫ್ಯಾನು ನಿಧಾನವಾಗಿ ತಿರುಗಿದರೂ ರಾಶಿ ಗಾಳಿ ತಳ್ಳುತ್ತದೆ, ಸದ್ದೂ ಕಮ್ಮಿ.

20-30 ಸೈಟಿನಲ್ಲಿ ನಾಲ್ಕೂ ಕಡೆ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿದರೆ ಒಳಗೆ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಲ್ಯಾಪ್‌ಟಾಪ್ ಅಂಥ ಮನೆ. ಡೆಸ್ಕ್‌ಟಾಪ್ ಸೆಟ್‌ಬ್ಯಾಕ್ ಬಿಟ್ಟು ಕಟ್ಟಿದ್ದು.

ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಲ್ಲಂತೂ ಹೆಸರು ಒಂದೇ, ಆಸಾಮಿ ಬೇರೆ. ಎನ್ವಿಡಿಯಾದ ಆರ್‌ಟಿಎಕ್ಸ್ 4090 ತಗೊಳ್ಳಿ. ಡೆಸ್ಕ್‌ಟಾಪಿನದಕ್ಕೆ 16,384 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕ), 450 ವ್ಯಾಟ್. ಅದೇ ಹೆಸರಿನ ಲ್ಯಾಪ್‌ಟಾಪಿನದಕ್ಕೆ 9,728 ಕೋರ್, ಕರೆಂಟು ಅರ್ಧಕ್ಕಿಂತ ಕಮ್ಮಿ. ಒಳಗಿನ ಚಿಪ್ಪೇ ಬೇರೆ. ಡಬ್ಬದ ಮೇಲಿನ ಹೆಸರು ನೋಡಿ ದುಡ್ಡು ಕೊಟ್ಟವನು ಪಾಪ!

ಖಾಲಿ ಜಾಗದ ಇನ್ನೊಂದು ಲಾಭ, ಒಳಗೆ ಕೈ ಹೋಗುತ್ತದೆ. ಮದರ್‌ಬೋರ್ಡಿನ, ಅಂದರೆ ಎಲ್ಲ ಭಾಗ ಕೂರುವ ದೊಡ್ಡ ಬೋರ್ಡಿನ, ಸ್ಕ್ರೂ ತೂತು ಎಲ್ಲೆಲ್ಲಿರಬೇಕು ಅನ್ನುವ ಎಟಿಎಕ್ಸ್ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ಇವತ್ತಿಗೂ ಬಹುಪಾಲು ಅದೇ ನಡೆಯುತ್ತಿದೆ. ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಸಾಲದಿದ್ದರೆ ಇನ್ನೊಂದು ಪಟ್ಟಿ ಒತ್ತಿ ಕೂರಿಸಿದರಾಯಿತು, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿ) ಹೋದರೆ ಅದೊಂದನ್ನೇ ಬದಲಿಸಿದರಾಯಿತು. ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ. 2020ರಲ್ಲಿ ಬಂದ ಆಪಲ್‌ನ ಎಂ1 ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ, ಆದರೂ ಚೆನ್ನಾಗಿ ಓಡುತ್ತದೆ. ಮೆಚ್ಚಲೇಬೇಕು. ಆದರೆ ತಗೊಂಡ ದಿನ 8 ಜಿಬಿ ರ‍್ಯಾಮ್ ಇದ್ದರೆ ಕೊನೆಯವರೆಗೂ 8 ಜಿಬಿಯೇ.

ಡೆಸ್ಕ್‌ಟಾಪ್ ಸೋಲುವ ಕಡೆಯೂ ಇದೆ. ಮಳೆ ಬಂದು ಕರೆಂಟು ಹೋದರೆ ಯುಪಿಎಸ್ ಕೀ ಕೀ ಅಂತ ಪ್ರಾಣ ತಿನ್ನುತ್ತದೆ, ಹತ್ತು ನಿಮಿಷದಲ್ಲಿ ಎಲ್ಲ ಸೇವ್ ಮಾಡಿ ಏಳಬೇಕು. ಪಿಜಿಯಿಂದ ಪಿಜಿಗೆ ಅಲೆಯುವ ಹುಡುಗರಿಗೆ ಇದನ್ನು ತಗೊಳ್ಳಿ ಅಂತ ನಾನಂತೂ ಹೇಳುವುದಿಲ್ಲ.

ನಾನು ಮಾತ್ರ ಅಟ್ಟದ ಮೇಲಿದ್ದ ಹಳೆಯ ಕ್ಯಾಬಿನೆಟ್ಟನ್ನೇ ಇಳಿಸಿ ಎಸ್‌.ಪಿ. ರೋಡಿಗೆ ಕೊಂಡುಹೋದೆ. ಹುಡುಗ ಪೇಂಟ್ ಬ್ರಶ್ಶಿನಲ್ಲಿ ಧೂಳು ಹೊಡೆದು, ಹಳೆಯ ಬೋರ್ಡು ಕಿತ್ತು, ಹೊಸದನ್ನು ಅದೇ ತೂತುಗಳ ಮೇಲಿಟ್ಟು ಸ್ಕ್ರೂ ಬಿಗಿದ. ಮುಂದಿನ ಪ್ಯಾನೆಲ್ಲಿನ ಮೇಲೆ ಹಳೆಯ ಆಯುಧಪೂಜೆಗಳ ಅರಿಶಿನ, ಕುಂಕುಮ ಒಣಗಿ ಕೂತಿತ್ತು. ಒರೆಸ್ಲಾ ಸಾರ್ ಅಂದ. ಬೇಡ, ಇರಲಿ ಅಂದೆ.