‘ಬೇಡ’ ಎನ್ನಲು ಒಂದು ಸರ್ಕಾರಿ ಚೀಟಿ

ಇಂಗ್ಲೆಂಡಿನಲ್ಲಿ ಪ್ರಸೂತಿ ವೈದ್ಯೆಯಾಗಿರುವ ನಾನು ಕೆಲವು ಗರ್ಭಿಣಿಯರಿಗೆ ಮೊದಲ ಭೇಟಿಯಲ್ಲೇ ಒಂದು ವಿಚಿತ್ರ ಪ್ರಶ್ನೆ ಕೇಳುತ್ತೇನೆ: ಮೂತ್ರಕ್ಕೆ ಹೋದರೆ ಎಷ್ಟು ಹೊತ್ತಾಗುತ್ತೆ? ಸೊಮಾಲಿಯಾದಿಂದ ಬಂದಿದ್ದ ಒಬ್ಬಾಕೆ, ಫೋನಿನಲ್ಲಿದ್ದ ದುಭಾಷಿಯ ಮೂಲಕ, “ಎಲ್ಲರ ಹಾಗೇ, ಒಂದು ಹದಿನೈದು ನಿಮಿಷ” ಅಂದಳು. ಒಂದು ನಿಮಿಷದೊಳಗೆ ಮುಗಿಯುವ ಕೆಲಸ ಅದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಕ್ಕ, ಅಮ್ಮ, ಅತ್ತೆ ಎಲ್ಲರೂ ಅವಳಂತೆಯೇ ಗುಪ್ತಾಂಗವನ್ನು ಕತ್ತರಿಸಿ ಹೊಲಿಸಿಕೊಂಡವರು.

ಇದನ್ನು ‘ಹೆಣ್ಣುಮಕ್ಕಳ ಸುನ್ನತಿ’ ಎಂದು ಬರೆಯುವವರಿದ್ದಾರೆ. ನನಗೆ ಆ ಪದ ಒಗ್ಗುವುದಿಲ್ಲ. ಗಂಡುಮಕ್ಕಳ ಸುನ್ನತಿಯಲ್ಲಿ ಹೋಗುವುದು ಮುಂದೊಗಲು. ಇಲ್ಲಿ ಹೆಣ್ಣಿನ ಕಾಮಸುಖದ ಅಂಗವಾದ ಕ್ಲಿಟೋರಿಸ್ಸನ್ನೂ, ಎಷ್ಟೋ ಸಲ ಯೋನಿಯ ಒಳತುಟಿಗಳನ್ನೂ ಕತ್ತರಿಸುತ್ತಾರೆ. ಇದರಲ್ಲಿ ಹಲವು ಬಗೆಗಳಿವೆ; ವೈದ್ಯರು ಮೂರನೆಯದೆಂದು ಎಣಿಸುವ ಬಗೆಯಲ್ಲಿ ಅಂಚುಗಳನ್ನು ಕೂಡಿಸಿ, ಮೂತ್ರಕ್ಕೂ ಮುಟ್ಟಿಗೂ ಸೇರಿ ಒಂದೇ ಸಣ್ಣ ರಂಧ್ರ ಉಳಿಸುತ್ತಾರೆ. ಛೇದನ ಅನ್ನುವುದೇ ಸರಿ. ಹೀಗೆ ಛೇದನಕ್ಕೊಳಗಾಗಿ ಬದುಕಿರುವವರು 23 ಕೋಟಿಗೂ ಹೆಚ್ಚು ಎಂದು ಯುನಿಸೆಫ್ 2024ರಲ್ಲಿ ಅಂದಾಜು ಮಾಡಿತು. 2030ರೊಳಗೆ ಇದನ್ನು ನಿಲ್ಲಿಸುತ್ತೇವೆಂದು ಸರ್ಕಾರಗಳು ವಿಶ್ವಸಂಸ್ಥೆಯಲ್ಲಿ ಒಪ್ಪಿಕೊಂಡಿವೆ.

ಆಕೆಯ ಹೊಲಿಗೆಯನ್ನು ಹೆರಿಗೆಗೆ ಮುಂಚೆಯೇ ಬಿಡಿಸಿದೆವು. ಮಗು ಹುಟ್ಟಿದ ಮೇಲೆ ಅತ್ತೆ ನನ್ನನ್ನು ಬಾಗಿಲ ಬಳಿ ಕರೆದು, “ಮೊದಲಿದ್ದ ಹಾಗೇ ಹೊಲಿದುಬಿಡಿ ಡಾಕ್ಟ್ರೇ” ಅಂದರು. ಕೋಪವಿಲ್ಲ, ಗದರಿಕೆಯಿಲ್ಲ, ಸೊಸೆಯ ಒಳಿತಿಗೇ ಕೇಳುತ್ತಿದ್ದ ದನಿ. ಆರೋಗ್ಯದ ಕಾರಣ ಹೇಳಲು ಹೊರಟಿದ್ದರೆ ಅರ್ಧ ಗಂಟೆ ವಾದವಾಗುತ್ತಿತ್ತು. “ಇಲ್ಲಿ ಕಾನೂನು ಬಿಡುವುದಿಲ್ಲ, ಮಾಡಿದರೆ ನಾನು ಜೈಲಿಗೆ ಹೋಗುತ್ತೇನೆ” ಅಂದೆ. ಅವರು ತಲೆಯಾಡಿಸಿ ಸುಮ್ಮನಾದರು. ಹಿಂದೆ ಮಂಚದಲ್ಲಿ ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿತ್ತು ಅಂತ ನನಗನ್ನಿಸಲಿಲ್ಲ.

ಬ್ರಿಟನ್ ಈ ಪದ್ಧತಿಯನ್ನು ನಿಷೇಧಿಸಿದ್ದು 1985ರಲ್ಲಿ. ಕಾನೂನನ್ನು 2003ರಲ್ಲಿ ಬಿಗಿ ಮಾಡಿ, ಹುಡುಗಿಯನ್ನು ಹೊರದೇಶಕ್ಕೆ ಕರೆದೊಯ್ದು ಮಾಡಿಸಿದರೂ ಅಪರಾಧ ಎಂದಿತು. ಮೊದಲ ಶಿಕ್ಷೆಯಾಗಿದ್ದು 2019ರಲ್ಲಿ. 34 ವರ್ಷಕ್ಕೆ ಒಂದು ಶಿಕ್ಷೆ! ಕಾನೂನು ಮಲಗಿತ್ತು ಎಂದು ಪತ್ರಿಕೆಗಳು ಬರೆದವು, ತಪ್ಪೇನಿಲ್ಲ. ಆದರೆ ಅತ್ತೆ ಬಾಗಿಲಿಂದ ವಾಪಸಾದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾನು ಈಗ ಯಾವುದೇ ದೇಶದ ಕ್ರಮವನ್ನು ನೋಡುವುದು ಒಂದೇ ಕಣ್ಣಿನಿಂದ: ಬೇಡ ಅನ್ನಬೇಕೆಂದಿರುವವರ ಕೈಗೆ ಅದು ಏನು ಕೊಡುತ್ತದೆ?

ಈಜಿಪ್ಟಿನದು ಉಲ್ಟಾ ಕತೆ, ಅದೂ ನನ್ನ ವೃತ್ತಿಯವರೇ ತಲೆತಗ್ಗಿಸಬೇಕಾದದ್ದು. ಅಲ್ಲಿನ ಆರೋಗ್ಯ ಸಚಿವಾಲಯ 1996ರಲ್ಲಿ ನಿಷೇಧಿಸಿತು, ಆದರೆ ‘ವೈದ್ಯಕೀಯ ಅಗತ್ಯವಿದ್ದಲ್ಲಿ’ ಎಂಬ ಸಂದು ಬಿಟ್ಟಿತು. ಛೇದನಕ್ಕೆ ವೈದ್ಯಕೀಯ ಅಗತ್ಯ ಎಂಬುದೇ ಇಲ್ಲ. ಆದರೂ ಆ ಸಂದಿನಲ್ಲಿ ತೂರಿಕೊಂಡವರು ಕಡಿಮೆಯಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ಸತ್ತ ಮೇಲೆ 2007ರಲ್ಲಿ ಸಂದು ಮುಚ್ಚಿದರು, 2008ರಲ್ಲಿ ದಂಡಸಂಹಿತೆಗೆ ಸೇರಿಸಿದರು, 2016ರಲ್ಲಿ ಮತ್ತು 2021ರಲ್ಲಿ ಶಿಕ್ಷೆ ಹೆಚ್ಚಿಸಿದರು. ಅಷ್ಟರಲ್ಲಿ ಕೆಲಸ ನಾಟಿ ಸೂಲಗಿತ್ತಿಯ ಕೈಯಿಂದ ಡಾಕ್ಟರ ಕೈಗೆ ದಾಟಿಯಾಗಿತ್ತು. 2014ರ ಸಮೀಕ್ಷೆಯ ಹೊತ್ತಿಗೆ ಛೇದನವಾದ ಹುಡುಗಿಯರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಗೆ ಅದನ್ನು ಮಾಡಿದ್ದು ವೈದ್ಯಕೀಯ ಸಿಬ್ಬಂದಿಯೇ. ಅರಿವಳಿಕೆ, ಕೈಗವಸು, ಚೊಕ್ಕ ಟೇಬಲ್ಲು. ಡಾಕ್ಟರೇ ಮಾಡಿಕೊಡುತ್ತಾರೆ ಅಂದಮೇಲೆ ಬೇಡ ಅನ್ನುವ ತಾಯಿಗೆ ಹೇಳಲು ಏನುಳಿಯಿತು?

ಕೀನ್ಯಾದ 2011ರ ಕಾಯ್ದೆಯನ್ನು ಓದಿದಾಗ ನನಗೆ ಖುಷಿಯಾದದ್ದು ಶಿಕ್ಷೆಯ ಕಲಮಿನಿಂದಲ್ಲ. ಛೇದನ ಮಾಡಿಸಿಕೊಳ್ಳದ ಹೆಂಗಸನ್ನು ಹೀಯಾಳಿಸುವುದೂ ಅಲ್ಲಿ ಅಪರಾಧ. ಅಂಥವಳನ್ನು ಮದುವೆಯಾದ ಗಂಡಸನ್ನು ಆಡಿಕೊಂಡರೂ ಅಷ್ಟೇ. ಈ ಕಲಮು ಬರೆದವರು ಹಳ್ಳಿಯ ನೀರಿನ ಸಾಲಿನಲ್ಲಿ ನಿಂತು ಮಾತು ಕೇಳಿದವರೇ ಇರಬೇಕು. ಬ್ಲೇಡಿಗಿಂತ ಮೊದಲು ಬರುವುದು ನಾಲಿಗೆ. 15ರಿಂದ 49 ವರ್ಷದ ಹೆಂಗಸರಲ್ಲಿ ಛೇದನವಾದವರು ಕೀನ್ಯಾದಲ್ಲಿ 1998ರಲ್ಲಿ ಶೇ 38 ಇದ್ದರು, 2022ರಲ್ಲಿ ಶೇ 15. ಇಳಿತ ಕಾಯ್ದೆಗೂ ಮುಂಚೆಯೇ ಶುರುವಾಗಿತ್ತು, ಎಲ್ಲ ಹೆಚ್ಚುಗಾರಿಕೆ ಅದಕ್ಕೇ ಕೊಡಲಾಗದು. ಸರಾಸರಿಯೂ ಮೋಸದ್ದು: 2014ರಲ್ಲಿ ದೇಶದ ಲೆಕ್ಕ ಶೇ 21 ಇದ್ದಾಗ ಸೊಮಾಲಿ ಜನರಿರುವ ಈಶಾನ್ಯ ಭಾಗದಲ್ಲಿ ಅದು ಶೇ 98ರ ಹತ್ತಿರವಿತ್ತು. ಗಡಿ ಸೀಮೆಯ ಕುಟುಂಬಗಳು ಹುಡುಗಿಯರನ್ನು ಆಚೆ ದೇಶಕ್ಕೆ ದಾಟಿಸಿ ಮಾಡಿಸಿಕೊಂಡು ಬರುವುದೂ ಇದೆ.

ಬುರ್ಕಿನಾ ಫಾಸೊ ಬಡ ದೇಶ, ಆದರೂ ಕೆಲಸದ ಸರದಿ ಸರಿಯಾಗಿ ಹಿಡಿದದ್ದು ಅದು. ಮೊದಲು 1990ರಲ್ಲಿ ರಾಷ್ಟ್ರೀಯ ಸಮಿತಿ, ಆಮೇಲೆ 1996ರಲ್ಲಿ ಕಾನೂನು. ದೂರು ಕೊಡಲು ಒಂದು ಫೋನ್ ನಂಬರು. ಎಷ್ಟೋ ಪ್ರಕರಣಗಳಲ್ಲಿ ನ್ಯಾಯಾಲಯವೇ ಊರಿಗೆ ಹೋಗಿ, ಜನರ ಮುಂದೆ ವಿಚಾರಣೆ ನಡೆಸಿತು. ಛೇದನವಾದ ಹೆಂಗಸರ ಪಾಲು 2010ರಲ್ಲಿ ಶೇ 76 ಇದ್ದದ್ದು 2021ರಲ್ಲಿ ಶೇ 56ಕ್ಕೆ ಬಂತು.

ಗ್ಯಾಂಬಿಯಾ ಇದಕ್ಕೆ ತದ್ವಿರುದ್ಧ. 2015ರಲ್ಲಿ ನಿಷೇಧ ಬಂತು, 2023ರಲ್ಲಿ ಮೂವರು ಹೆಂಗಸರಿಗೆ ದಂಡವಾಯಿತು. ಅವರ ದಂಡವನ್ನು ಒಬ್ಬ ಇಮಾಮರು ಕಟ್ಟಿದರು, ಮರುವರ್ಷ ನಿಷೇಧವನ್ನೇ ತೆಗೆಯುವ ಮಸೂದೆ ಸಂಸತ್ತಿಗೆ ಬಂತು. ಮಾರ್ಚಿನಲ್ಲಿ 42 ಮಂದಿ ಅದರ ಪರ ಕೈಯೆತ್ತಿದರು, ವಿರೋಧಿಸಿದವರು 4. ಜುಲೈ ತಿಂಗಳಲ್ಲಿ ಮಸೂದೆ ಬಿತ್ತು, ಸರಿ. ಆದರೆ ಆ ನಾಲ್ಕು ತಿಂಗಳು ಅಲ್ಲಿ ಮಗಳನ್ನು ಬಚ್ಚಿಟ್ಟುಕೊಂಡಿದ್ದ ತಾಯಂದಿರ ಸ್ಥಿತಿಯನ್ನು ನೆನೆಸಿಕೊಳ್ಳಿ.

ಇಲ್ಲಿ ಇಂಗ್ಲೆಂಡಿನಲ್ಲಿ ಛೇದನವಾದ ತಾಯಿಗೆ ಹೆಣ್ಣುಮಗು ಹುಟ್ಟಿದರೆ ಮಗುವಿನ ದಾಖಲೆಯಲ್ಲಿ ಒಂದು ಗುರುತು ಹಾಕುತ್ತೇವೆ. 18 ತುಂಬುವವರೆಗೂ ಅದು ಅವಳ ಡಾಕ್ಟರಿಗೆ ಕಾಣುತ್ತದೆ. ತಾಯಿಗೆ ಇದನ್ನು ಹೇಳುವುದು ನನಗೆ ಎಂದೂ ಸಲೀಸಲ್ಲ, ಅನುಮಾನಪಟ್ಟಂತೆಯೇ ಕೇಳಿಸುತ್ತದೆ. ಆ ಸೊಮಾಲಿ ಹೆಂಗಸಿಗೆ ಹುಟ್ಟಿದ್ದೂ ಮಗಳೇ. ಅತ್ತೆ ಇಲ್ಲದ ಹೊತ್ತು ನೋಡಿ ಹೇಳಿದೆ. ಜತೆಗೆ ಪಾಸ್‌ಪೋರ್ಟಿನೊಳಗೆ ಮಡಚಿಡುವಷ್ಟು ಚಿಕ್ಕದೊಂದು ಸರ್ಕಾರಿ ಪತ್ರವನ್ನೂ ಕೊಟ್ಟೆ. ಊರಿಗೆ ಹೋದಾಗ ನೆಂಟರಿಗೆ ತೋರಿಸಲಿ ಎಂದೇ ಅಚ್ಚು ಹಾಕಿದ್ದು: ಈ ಹುಡುಗಿಗೆ ಮಾಡಿಸಿದರೆ ಬ್ರಿಟನ್ನಿನಲ್ಲಿ 14 ವರ್ಷದವರೆಗೆ ಜೈಲು.

ದುಭಾಷಿ ಓದಿ ಹೇಳುವಾಗ ಅವಳು ಆ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಏನೋ ಕೇಳಿದಳು. ಫೋನಿನ ಆಚೆಯವಳು ಅರೆಗಳಿಗೆ ತಡೆದು ನನಗೆ ಹೇಳಿದಳು:

“ಇನ್ನೊಂದು ಸಿಗುತ್ತಾ ಅಂತ ಕೇಳ್ತಿದ್ದಾರೆ. ಅವರ ತಂಗಿಗೂ ಮಗಳಿದ್ದಾಳಂತೆ.”