ಇಲ್ಲದ ದೇಶಕ್ಕೊಂದು ಬಾವುಟ: ಬಣ್ಣದ ನಿಯಮ

ಕಲ್ಪನೆಯ ದೇಶಕ್ಕೆ ಬಾವುಟ ಬರೆಯುವ ಅಭ್ಯಾಸ ಶುರು ಮಾಡಿದವರಿಗೆ ಈ ಟಿಪ್ಪಣಿ. ಬಣ್ಣದ ನಿಯಮ ಈಗಷ್ಟೇ ತಲೆಗೆ ಹತ್ತಿದೆ, ಅದಕ್ಕೇ ಅದರ ಮಾತೇ ಇಲ್ಲಿ ಜಾಸ್ತಿ.

ಮೊದಲು ದೇಶ

ಬಣ್ಣ ಮುಟ್ಟುವ ಮೊದಲು ದೇಶದ ಬಗ್ಗೆ ನಾಲ್ಕು ಸಾಲು ಬರೆಯಿರಿ: ನೆಲ ಹೇಗಿದೆ, ಜನ ಏನು ಮಾಡುತ್ತಾರೆ. ಅದರಲ್ಲಿ ಒಂದೇ ಒಂದು ಸಂಗತಿ ಆರಿಸಿ. 1965ರಲ್ಲಿ ಹೊಸ ಬಾವುಟ ಮಾಡಿಕೊಂಡ ಕೆನಡಾಕ್ಕೆ ಒಂದು ಮೇಪಲ್ ಎಲೆ ಸಾಕಾಯಿತು. ನನ್ನ ದೇಶ ದಟ್ಟ ಕಾಡಿನ ದ್ವೀಪ, ಜನ ಮೀನುಗಾರರು. ಹಾಗಾಗಿ ಹಸಿರು ಹಿನ್ನೆಲೆ, ಮೇಲೊಂದು ಮೀನು.

ಮೀನಿಗೆ ಯಾವ ಬಣ್ಣ?

ಮಧ್ಯಯುಗದ ಯುರೋಪಿನಲ್ಲಿ ಗುರಾಣಿಗಳ ಮೇಲಿನ ಲಾಂಛನಕ್ಕೆ ಒಂದು ನಿಯಮ ಇತ್ತು. ಹಳದಿ, ಬಿಳಿ ಒಂದು ಗುಂಪು. ಅವು ಚಿನ್ನ ಮತ್ತು ಬೆಳ್ಳಿಯ ಲೆಕ್ಕ, ಹಾಗಾಗಿ ‘ಲೋಹ’. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ‘ಬಣ್ಣ’. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ಬಾವುಟಕ್ಕೂ ಇದೇ ನಿಯಮ ಚೆನ್ನಾಗಿ ಹೊಂದುತ್ತದೆ.

ಆದರೆ ಹಸಿರಿನ ಮೇಲೆ ಕೆಂಪು ಮೀನು ಯಾಕೆ ಬೇಡ? ಎರಡೂ ಪೂರ್ತಿ ಬೇರೆ ಬಣ್ಣ ಅಲ್ವಾ? ಇಲ್ಲೇ ಸ್ವಲ್ಪ ನಿಲ್ಲಬೇಕು. ಬಣ್ಣದಲ್ಲಿ ಎರಡು ಗುಣ ಇವೆ. ಅದು ಯಾವ ಬಣ್ಣ ಎನ್ನುವುದು ಒಂದು, ಎಷ್ಟು ತಿಳಿ ಅಥವಾ ಎಷ್ಟು ಗಾಢ ಎನ್ನುವುದು ಇನ್ನೊಂದು. ದೂರದಿಂದ ಸಣ್ಣ ಆಕಾರವನ್ನು ನಾವು ಗುರುತಿಸುವುದು ಹೆಚ್ಚಾಗಿ ಎರಡನೆಯದರಿಂದ. ಗಾಢ ಕೆಂಪು ಮತ್ತು ಗಾಢ ಹಸಿರು ಅದರಲ್ಲಿ ಹತ್ತಿರ ಹತ್ತಿರ. ಚಿತ್ರದ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಮೀನು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿನವರಿಗಂತೂ ಬಣ್ಣದಲ್ಲೇ ಕಷ್ಟ. ಮೀನನ್ನು ಹಳದಿ ಮಾಡಿ, ಅದೇ ಪರೀಕ್ಷೆ ಮತ್ತೆ ಮಾಡಿ. ಈಗ ಎದ್ದು ಕಾಣುತ್ತದೆ.

ಹಾಗಾದರೆ ಜರ್ಮನಿಯ ಬಾವುಟದಲ್ಲಿ ಕಪ್ಪಿಗೆ ಕೆಂಪು ಅಂಟಿಕೊಂಡಿದೆಯಲ್ಲ? ಹೌದು, ಆದರೆ ಅಲ್ಲಿ ಒಂದರ ಪಕ್ಕ ಒಂದು ಇದೆ, ಒಂದರ ಮೇಲೆ ಒಂದು ಇಲ್ಲ. ನಿಯಮ ಹೇಳುವುದು ‘ಮೇಲೆ’ ಇರುವ ಆಕಾರದ ಬಗ್ಗೆ. ಪಕ್ಕಪಕ್ಕದ ಪಟ್ಟಿಗಳಿಗೆ ಅದು ಸಡಿಲ. ಈ ವ್ಯತ್ಯಾಸ ಸಿಕ್ಕ ಮೇಲೆ ನನ್ನ ಅರ್ಧ ಗೊಂದಲ ಹೋಯಿತು.

ಉಳಿದರ್ಧ ಬಾಂಗ್ಲಾದೇಶದ್ದು. ಹಸಿರಿನ ಮೇಲೆಯೇ ಕೆಂಪು ವೃತ್ತ! ಇಲ್ಲಿ ನಿಯಮ ನಿಜವಾಗಿಯೂ ಮುರಿದಿದೆ. ಆದರೂ ಬಾವುಟ ಸೊಗಸಾಗಿದೆ, ಯಾಕೆಂದರೆ ವೃತ್ತ ತುಂಬಾ ದೊಡ್ಡದು. ಅದರ ವ್ಯಾಸ ಬಾವುಟದ ಎತ್ತರದ ಮೂರನೇ ಎರಡು ಭಾಗ. ವೃತ್ತಕ್ಕೆ ಕಳೆದುಹೋಗುವ ಬಾಲ, ರೆಕ್ಕೆ ಯಾವುದೂ ಇಲ್ಲ. ನನ್ನ ಮೀನಿಗೆ ಇವೆ. ಹಾಗಾಗಿ ಆಕಾರ ದೊಡ್ಡದು, ಸರಳ ಆಗಿದ್ದರೆ ಮಾತ್ರ ನಿಯಮ ಮುರಿಯಿರಿ.

ನನ್ನ ಇಷ್ಟದ ಉಪಾಯ: ಬಿಳಿ ಅಂಚು

ಕೆಂಪು ಮೀನೇ ಬೇಕು ಅನ್ನುವವರಿಗೂ ದಾರಿ ಇದೆ. ಸುತ್ತ ಬಿಳಿ ಅಂಚು ಕೊಡಿ. ಬ್ರಿಟನ್ ಬಾವುಟದಲ್ಲಿ ನೀಲಿಯ ಮೇಲಿನ ಕೆಂಪು ಶಿಲುಬೆಗೆ ಬಿಳಿ ಅಂಚಿದೆ. 1994ರ ದಕ್ಷಿಣ ಆಫ್ರಿಕಾದ ಬಾವುಟ ನನಗೆ ಪಾಠಪುಸ್ತಕವೇ. ಅದರಲ್ಲಿ ಹಸಿರು ಪಟ್ಟಿಯನ್ನು ಕೆಂಪು ಮತ್ತು ನೀಲಿಯಿಂದ ಬಿಳಿ ಬೇರ್ಪಡಿಸುತ್ತದೆ, ಕಪ್ಪಿನಿಂದ ಹಳದಿ ಬೇರ್ಪಡಿಸುತ್ತದೆ. ಆರು ಬಣ್ಣ ಇದ್ದರೂ ಗಲಿಬಿಲಿ ಇಲ್ಲ. ಕೀನ್ಯಾ ಪಟ್ಟಿಗಳ ನಡುವೆಯೂ ಬಿಳಿ ಗೆರೆ ಇಟ್ಟಿದೆ.

ಅಂಚು ಎಷ್ಟು ದಪ್ಪ? ಬಾವುಟವನ್ನು ಅರ್ಧ ಇಂಚು ಎತ್ತರಕ್ಕೆ ಬರೆದು ಒಂದೂವರೆ ಅಡಿ ದೂರದಿಂದ ನೋಡಿ. ಮೂರಡಿ ಎತ್ತರದ ಬಾವುಟ ನೂರಡಿ ದೂರದಲ್ಲಿ ಹೆಚ್ಚುಕಮ್ಮಿ ಅಷ್ಟೇ ಕಾಣುತ್ತದೆ. ಅಂಚು ಮಾಯವಾದರೆ ದಪ್ಪ ಮಾಡಿ.

ಉಳಿದದ್ದು

ಪ್ರಾಣಿ ಬರೆದರೆ ಮುಖ ಸಾಮಾನ್ಯವಾಗಿ ಕಂಬದ ಕಡೆಗೆ. ಅಕ್ಷರ ಬೇಡ, ಹಿಂದಿನಿಂದ ತಿರುಗುಮುರುಗಾಗುತ್ತದೆ. ಸೌದಿ ಅರೇಬಿಯಾದ ಬಾವುಟದಲ್ಲಿ ಬರಹ ಇರುವುದರಿಂದ ಎರಡು ಬಟ್ಟೆ ಸೇರಿಸಿ ಹೊಲಿಯುತ್ತಾರೆ. ಸ್ವಿಟ್ಜರ್ಲೆಂಡಿನ ಚೌಕ, ನೇಪಾಳದ ಜೋಡಿ ತ್ರಿಕೋನ ನೋಡಿ ಆಸೆ ಆಗುತ್ತದೆ. ಆದರೂ ಮೊದಲು 2:3 ಆಯತದಲ್ಲೇ ಕೈ ಪಳಗಿಸಿಕೊಳ್ಳಿ. ಬಣ್ಣದ ಲೆಕ್ಕ ಕೂತ ಮೇಲೆ ಆಕಾರ ಬದಲಿಸಿ.